ಕೋವಿಯ ನಳಿಗೆ: ದಪ್ಪದ್ದು ಒಳ್ಳೆಯದೋ, ಗೀರು ಹೊಡೆದದ್ದೋ?



ಕಳೆದ ತಿಂಗಳು ಅಡಿಕೆ ತೂಕ ಹಾಕಿಸಲು ಸಂಘಕ್ಕೆ ಬಂದಿದ್ದ ಸದಸ್ಯರೊಬ್ಬರು ಚಹಾ ಕುಡಿಯುತ್ತ ಕುಳಿತಾಗ ಒಂದು ಪ್ರಶ್ನೆ ಕೇಳಿದರು. ಅವರ ಮೂಲ ಊರು ಬೈಲಹೊಂಗಲದ ಹತ್ತಿರ. ಕಿತ್ತೂರಿನ ಪಡುವಣಕ್ಕೆ, ಖಾನಾಪುರದ ಕಾಡಿನ ಸೆರಗಿನಲ್ಲಿ ಎರಡೂವರೆ ಎಕರೆ ಅಡಿಕೆ ಇಟ್ಟಿದ್ದಾರೆ. ಅವರ ಮಾತನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆಯುತ್ತೇನೆ:

“ಸೆಕ್ರೆಟರಿ ಸಾಹೇಬ್ರ, ನಮ್ಮ ಕಾಕಾರ ಹೆಸರಿನ್ಯಾಗಿದ್ದ ರೈಫಲ್ಲು ಈಗ ನನ್ನ ಹೆಸರಿಗೆ ಬರೂದೈತಿ. ಒಬ್ಬರು, ‘ಈ ಹಳೇ ನಳಿಗಿ ಬ್ಯಾಡ, ದಪ್ಪ ನಳಿಗಿಂದು ತಗೋರಿ’ ಅಂತಾರ. ನಮ್ಮ ಅಳಿಯ ಗೀರು ಹೊಡದದ್ದು ಭಾರೀ ಛಲೋ ಅಂತಾನ. ನೀವು ಓದಿದವರು, ನೀವ ಹೇಳ್ರಿ.”

ಅಂದು ಚಹಾ ಮುಗಿಯುವಷ್ಟರಲ್ಲಿ ಹೇಳಬಹುದಾದಷ್ಟನ್ನು ಹೇಳಿ ಕಳಿಸಿದೆ. ಆದರೆ ಕೋವಿ ಇರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಕೆಲವರದು ಅಜ್ಜನ ಕಾಲದ ಕೇಪಿನ ಕೋವಿ, ಕೆಲವರದು 12 ಬೋರಿನ ಒಂಟಿ ಇಲ್ಲವೆ ಜೋಡಿ ನಳಿಗೆ, ಅಪರೂಪಕ್ಕೆ ಒಬ್ಬಿಬ್ಬರಲ್ಲಿ ರೈಫಲ್ಲು. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಗೊಬ್ಬರಕ್ಕೂ ಕೊಳೆರೋಗಕ್ಕೂ ಬಿಡದೆ ನಳಿಗೆಯ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

1. ನಮ್ಮ ಸೀಮೆಯ ಹಳೆಯ ಪಾಠ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯವರಿಗೆ ಬಂದೂಕು ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಿದ್ದದ್ದನ್ನು ಶಾಲೆಯ ಹುಡುಗನೂ ಬಲ್ಲ. ಆ ಗುಂಡು ಅಮಟೂರು ಬಾಳಪ್ಪನದೆಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಕಂಪನಿ ಸರಕಾರದ ವಶವಾಯಿತು. ಚನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. 1857ರಲ್ಲಿ ಆಯುಧಗಳಿಗೆ ಲೈಸೆನ್ಸ್ ಪಡೆಯಬೇಕೆಂಬ ಕಾನೂನು ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ಎದ್ದು ನಿಂತರು, ಊರನ್ನೇ ತೆತ್ತರು. ಕೈಯಲ್ಲಿರುವ ಬಂದೂಕಿಗೂ ಸರಕಾರದ ಕಾಗದಕ್ಕೂ ಇರುವ ನಂಟು ಅಂದಿನಿಂದ ಇಂದಿನವರೆಗೂ ಬಿಟ್ಟಿಲ್ಲ.

ಆದರೆ ನಾನು ಇಲ್ಲಿ ಹೇಳಹೊರಟಿರುವುದು ಇತಿಹಾಸವಲ್ಲ, ನಳಿಗೆಯ ವಿಷಯ. ಆ ಕಾಲದ ಕಂಪನಿ ಸಿಪಾಯಿಯ ಹೆಗಲ ಮೇಲಿದ್ದ ಮಸ್ಕೆಟ್ಟಿನ ನಳಿಗೆ 39 ಇಂಚು ಉದ್ದ, ಒಳಗೆ ನುಣುಪು. ನೂರು ಗಜದಾಚೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆದರೆ ತಗಲುವುದು ಅದೃಷ್ಟದ ಮಾತಾಗಿತ್ತು. ಮುಂದೆ 1853ರ ಮಾದರಿಯ ಎನ್‌ಫೀಲ್ಡ್ ಬಂತು. ಅದರ ನಳಿಗೆಯೂ 39 ಇಂಚೇ. ಹೊರಗಿನಿಂದ ನೋಡಿದರೆ ಅಂತಹ ವ್ಯತ್ಯಾಸ ಕಾಣದು. ಆದರೆ ಒಳಮೈಯಲ್ಲಿ ಸುರುಳಿಯಾಗಿ ಗೆರೆ ಕೊರೆದಿದ್ದರು. ಗುಂಡು ಬುಗುರಿಯಂತೆ ತಿರುಗುತ್ತ ಹೊರಬರುವುದರಿಂದ ಮೂರು ನಾಲ್ಕು ಪಟ್ಟು ದೂರಕ್ಕೂ ಗುರಿ ನಿಂತಿತು.

ಬದಲಾದದ್ದು ನಳಿಗೆಯ ಹೊರಮೈ ಅಲ್ಲ, ಒಳಮೈ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇನೆ.

2. ಪ್ರಶ್ನೆ ಯಾವ ಕೋವಿಗೆ ಸಂಬಂಧಿಸಿದ್ದು?

ಕೋವಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಳಗೆ ನುಣುಪಾದ ನಳಿಗೆಯವು ಒಂದು: ನಮ್ಮ ಕೇಪಿನ ಕೋವಿ, 12 ಬೋರಿನ ತೋಟೆ ಕೋವಿ. ಒಳಗೆ ಸುರುಳಿ ಗೆರೆ ಇರುವ ರೈಫಲ್ಲು ಇನ್ನೊಂದು.

12 ಬೋರು ಎಂದರೇನೆಂದು ಹಲವರು ಕೇಳುತ್ತಾರೆ. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗೋಲಿ ಮಾಡಿದರೆ, ಆ ಒಂದು ಗೋಲಿ ಹಿಡಿಯುವಷ್ಟು ಅಗಲದ ನಳಿಗೆ, ಅಂದರೆ ಸುಮಾರು ಹದಿನೆಂಟೂವರೆ ಮಿಲಿಮೀಟರು. ಇದರಿಂದ ಚರೆ ಹೊಡೆಯುತ್ತೇವೆ. ಸುಮಾರು ನಲವತ್ತು ಗಜದೊಳಗೆ ಇದರ ಕೆಲಸ. ಅದರಾಚೆ ಚರೆ ಚದುರಿ ಬಲ ಕಳೆದುಕೊಳ್ಳುತ್ತದೆ. ಇಂತಹ ನಳಿಗೆಯ ಗೋಡೆ ತೋಟೆ ಕೂರುವ ಬುಡದಲ್ಲಿ ದಪ್ಪ, ಮುಂದಕ್ಕೆ ಹೋದಂತೆ ತೆಳು. ಬಾಯಿಯ ಹತ್ತಿರ ಒಂದು ಮಿಲಿಮೀಟರಿನ ಆಸುಪಾಸು. ಒಳಗಿನ ಒತ್ತಡ ಕಡಿಮೆಯಾದ್ದರಿಂದ ಅಷ್ಟು ಸಾಕು. ಇದರ ಹೊರಮೈಗೆ ಗೀರು ಹೊಡೆಯುವ ಮಾತೇ ಇಲ್ಲ.

ರೈಫಲ್ಲಿನಲ್ಲಿ ಒತ್ತಡ ಇದರ ನಾಲ್ಕೈದು ಪಟ್ಟು. ಆದ್ದರಿಂದ ಅದರ ನಳಿಗೆ ಸಣ್ಣ ತೂತಿನ ಗಟ್ಟಿ ಉಕ್ಕಿನ ಕಂಬ. ಇಛಾಪುರದ ಸರಕಾರಿ ರೈಫಲ್ ಕಾರ್ಖಾನೆಯಿಂದ ಬಂದ .315 ಬೋರಿನ ಶಿಕಾರಿ ರೈಫಲ್ಲನ್ನು ನಮ್ಮ ಹಿರಿಯರ ಮನೆಗಳಲ್ಲಿ ಕೆಲವರು ನೋಡಿರಬಹುದು. ದಪ್ಪ ನಳಿಗೆ ಮತ್ತು ಗೀರು ನಳಿಗೆಯ ವಾದ ಇಂತಹ ರೈಫಲ್ಲುಗಳಿಗೆ ಮಾತ್ರ ಅನ್ವಯಿಸುತ್ತದೆ. 12 ಬೋರು ಇರುವವರು ಈ ವಾದದಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಪಾಠದ ಕೊನೆಯ ಭಾಗ ಅವರಿಗೂ ಸೇರಿದ್ದು.

3. ದಪ್ಪ ನಳಿಗೆಯ ಗುಣ ದೋಷ

ಅಡಿಕೆ ಕೊಯ್ಯುವ ದೋಟಿಯನ್ನು ಎಲ್ಲರೂ ಕಂಡಿದ್ದೀರಿ. ಉದ್ದ ಹೆಚ್ಚಿದಂತೆ ತುದಿ ತೊನೆಯುತ್ತದೆ. ಸಣ್ಣ ಬಿದಿರಿನದು ಹೆಚ್ಚು ತೊನೆಯುತ್ತದೆ, ದಪ್ಪ ಬಿದಿರಿನದು ಕಡಿಮೆ. ಈಡು ಹಾರಿದ ಕ್ಷಣದಲ್ಲಿ ರೈಫಲ್ಲಿನ ನಳಿಗೆಯೂ ಹೀಗೆಯೇ ಕಣ್ಣಿಗೆ ಕಾಣದಷ್ಟು ತೊನೆಯುತ್ತದೆ. ಗುಂಡು ಬಾಯಿ ಬಿಡುವಾಗ ತುದಿ ಎತ್ತ ಮುಖ ಮಾಡಿರುತ್ತದೆಯೋ ಗುಂಡು ಅತ್ತ ಹೋಗುತ್ತದೆ. ತೊನೆತ ಕಡಿಮೆಯಾದಷ್ಟೂ ಗುಂಡುಗಳು ಒಂದೇ ಜಾಗದಲ್ಲಿ ಬೀಳುತ್ತವೆ.

ಲೆಕ್ಕ ಹಾಕಿ ನೋಡೋಣ. ಅರವತ್ತು ಸೆಂಟಿಮೀಟರು ಉದ್ದದ, ಎಂಟು ಮಿಲಿಮೀಟರು ತೂತಿನ ಎರಡು ಉಕ್ಕಿನ ನಳಿಗೆ ಇವೆಯೆಂದು ತಿಳಿಯಿರಿ. ಒಂದರ ಹೊರ ಅಗಲ 16 ಮಿಲಿಮೀಟರು, ಇನ್ನೊಂದರದು 24. ನಿಜವಾದ ನಳಿಗೆ ಬುಡದಿಂದ ತುದಿಗೆ ಸಪೂರವಾಗುತ್ತದೆ. ಲೆಕ್ಕ ಸುಲಭವಾಗಲೆಂದು ಒಂದೇ ಸಮ ಹಿಡಿದಿದ್ದೇನೆ.

ಸಪೂರದ್ದರ ತೂಕ ಸುಮಾರು 710 ಗ್ರಾಂ. ದಪ್ಪದ್ದರ ತೂಕ ಸುಮಾರು 1 ಕಿಲೋ 890 ಗ್ರಾಂ. ತೂಕ ಎರಡೂ ಮುಕ್ಕಾಲು ಪಟ್ಟಿಗೆ ಸ್ವಲ್ಪ ಕಡಿಮೆ. ಆದರೆ ಬಾಗದೆ ನಿಲ್ಲುವ ಬಲ ಐದು ಪಟ್ಟಿಗೂ ಮೇಲೆ. ಅಗಲ ಹೆಚ್ಚಿದಂತೆ ಈ ಬಲ ತೂಕಕ್ಕಿಂತ ಬಹಳ ಬೇಗ ಏರುತ್ತದೆ. ದಪ್ಪ ನಳಿಗೆಯ ಮೊದಲ ಗುಣ ಇದು.

ಎರಡನೆಯ ಗುಣ ಬಿಸಿಗೆ ಸಂಬಂಧಿಸಿದ್ದು. ಪ್ರತಿ ಈಡಿಗೂ ಮದ್ದಿನ ಕಾವಿನ ಒಂದು ಪಾಲು ನಳಿಗೆಗೆ ಇಳಿಯುತ್ತದೆ. ಸಣ್ಣ ಪಾತ್ರೆಯ ನೀರು ಬೇಗ ಕಾಯುವಂತೆ ಸಪೂರ ನಳಿಗೆ ಬೇಗ ಕಾಯುತ್ತದೆ. ನಾಲ್ಕಾರು ಈಡು ಒಂದರ ಹಿಂದೊಂದು ಹೊಡೆದರೆ ಕಾದ ನಳಿಗೆ ಒಂದಿಷ್ಟು ಸೊಟ್ಟಗಾಗಿ ಗುರಿ ಸರಿಯಬಹುದು. ದಪ್ಪ ನಳಿಗೆ ಅಷ್ಟೇ ಕಾವನ್ನು ಹೆಚ್ಚು ಉಕ್ಕಿನಲ್ಲಿ ಹಂಚಿಕೊಳ್ಳುವುದರಿಂದ ನಿಧಾನವಾಗಿ ಕಾಯುತ್ತದೆ. ಒಮ್ಮೆ ಕಾದರೆ ಆರುವುದೂ ಅಷ್ಟೇ ನಿಧಾನ ಎಂಬುದನ್ನು ಮರೆಯಬಾರದು.

ದೋಷವೆಂದರೆ ಹೊರೆ. ಮೇಲಿನ ಲೆಕ್ಕದಲ್ಲಿ ನಳಿಗೆಯೊಂದರಲ್ಲೇ ಒಂದು ಕಿಲೋಕ್ಕಿಂತ ಹೆಚ್ಚಿನ ವ್ಯತ್ಯಾಸ, ಅದೂ ಕೋವಿಯ ಮುಂಭಾಗದಲ್ಲಿ. ಮೂಟೆಯ ಮೇಲೆ ಆನಿಸಿ ಮಲಗಿ ಹೊಡೆಯುವವನಿಗೆ ಈ ಭಾರ ಸಹಾಯಕ. ಕೋವಿ ಅಲುಗದೆ ಕೂರುತ್ತದೆ. ಮಳೆಗಾಲದ ರಾತ್ರಿ ಒಂದು ಕೈಯಲ್ಲಿ ಬ್ಯಾಟರಿ ಹಿಡಿದು ಕಾದಿಗೆ ದಾಟಿ ಧರೆ ಹತ್ತುವವನಿಗೆ ಇದು ಕಾಲು ಜಾರಿಸುವ ಭಾರ. ನಾನು ಕಾಲೇಜಿನಲ್ಲಿ ಎನ್.ಸಿ.ಸಿ.ಯ .22 ರೈಫಲ್ಲು ಹಿಡಿದವನು. ಮಲಗಿ ಹೊಡೆಯುವಾಗ ಎಷ್ಟು ಭಾರವಾದರೂ ತಿಳಿಯುತ್ತಿರಲಿಲ್ಲ. ಮರಳಿ ಹೊತ್ತುಕೊಂಡು ನಡೆಯುವಾಗ ಪ್ರತಿ ಗ್ರಾಮೂ ತಿಳಿಯುತ್ತಿತ್ತು.

4. ಗೀರು ನಳಿಗೆ ಎಂದರೇನು?

ದಪ್ಪ ನಳಿಗೆಯ ಹೊರಮೈಯಲ್ಲಿ ಉದ್ದಕ್ಕೆ ಆರೆಂಟು ಕಾಲುವೆ ಕೊರೆದರೆ ಅದು ಗೀರು ನಳಿಗೆ. ಇಂಗ್ಲಿಷಿನವರು ಫ್ಲೂಟೆಡ್ ಬ್ಯಾರಲ್ ಎನ್ನುತ್ತಾರೆ. ನಮ್ಮ ತೋಟದ ಬಣ್ಣದ ನಡುವೆ ಕಾದಿಗೆ ತೆಗೆದ ಹಾಗೆ ಎಂದುಕೊಳ್ಳಿ. ಇದನ್ನು ಒಳಗಿನ ಸುರುಳಿ ಗೆರೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಒಳಗಿನ ಗೆರೆ ಗುಂಡನ್ನು ತಿರುಗಿಸುತ್ತದೆ. ಹೊರಗಿನ ಗೀರು ಗುಂಡನ್ನು ಮುಟ್ಟುವುದೇ ಇಲ್ಲ.

ಗೀರು ನಳಿಗೆಯನ್ನು ಮಾರುವವರು ಮೂರು ಮಾತು ಹೇಳುತ್ತಾರೆ: ಹಗುರ, ಗಟ್ಟಿ, ಬೇಗ ಆರುತ್ತದೆ. ಮೂರನ್ನೂ ಅದೇ ಲೆಕ್ಕದಲ್ಲಿ ಒರೆಗೆ ಹಚ್ಚೋಣ. ನಮ್ಮ 24 ಮಿಲಿಮೀಟರಿನ ನಳಿಗೆಗೆ ಐದು ಮಿಲಿಮೀಟರು ಅಗಲದ, ಅರ್ಧ ದುಂಡಿನ ಆರು ಗೀರುಗಳನ್ನು ನಲವತ್ತೈದು ಸೆಂಟಿಮೀಟರು ಉದ್ದಕ್ಕೆ ಕೊರೆದೆವೆನ್ನಿ.

ಹಗುರ ಎಂಬ ಮಾತು: ಹೋದ ಉಕ್ಕು ಸುಮಾರು 208 ಗ್ರಾಂ. ಅಂದರೆ 1 ಕಿಲೋ 890 ಗ್ರಾಮಿನದು ಸುಮಾರು 1 ಕಿಲೋ 680 ಆಯಿತು. ಮಾತು ನಿಜ, ಆದರೆ ಸಪೂರ ನಳಿಗೆಯ 710 ಗ್ರಾಮಿನಿಂದ ಇನ್ನೂ ಬಹಳ ದೂರವಿದೆ.

ಗಟ್ಟಿ ಎಂಬ ಮಾತು: ಇದರಲ್ಲಿ ಅರ್ಧ ಸತ್ಯವಿದೆ. ಗೀರು ಹೊಡೆದ ಭಾಗದಲ್ಲಿ ಬಾಗದೆ ನಿಲ್ಲುವ ಬಲ ಮೊದಲಿನದಕ್ಕಿಂತ ನೂರಕ್ಕೆ ಇಪ್ಪತ್ತೆರಡರಷ್ಟು ಕಡಿಮೆಯಾಗುತ್ತದೆ. ಉಕ್ಕು ತೆಗೆದರೆ ಗಟ್ಟಿತನ ಹೆಚ್ಚುವುದು ಸಾಧ್ಯವಿಲ್ಲ. ಆದರೆ ಅಷ್ಟೇ ತೂಕದ ಗೀರಿಲ್ಲದ ನಳಿಗೆಯೊಂದಿಗೆ ಹೋಲಿಸಿದರೆ ಗೀರಿನದು ನೂರಕ್ಕೆ ಮೂರರಷ್ಟು ಗಟ್ಟಿ. “ಅಷ್ಟೇ ತೂಕದಲ್ಲಿ” ಎಂಬ ಈ ಒಂದು ಮಾತನ್ನು ಬಿಟ್ಟು ಹೇಳಿದಾಗ ಕೇಳುವವನಿಗೆ ಮೋಸವಾಗುತ್ತದೆ.

ಬೇಗ ಆರುತ್ತದೆ ಎಂಬ ಮಾತು: ಪಂಪ್‌ಸೆಟ್ಟಿನ ಮೋಟರಿನ ಮೈಮೇಲೆ ಏಣು ಏಣಾಗಿ ರೆಕ್ಕೆಗಳಿರುವುದನ್ನು ನೋಡಿದ್ದೀರಿ. ಗಾಳಿಗೆ ತೆರೆದುಕೊಂಡ ಮೈ ಹೆಚ್ಚಾದಷ್ಟು ಕಾವು ಬೇಗ ಹೋಗುತ್ತದೆ. ನಮ್ಮ ಲೆಕ್ಕದ ಗೀರುಗಳು ಆ ಭಾಗದ ಹೊರಮೈಯನ್ನು ನೂರಕ್ಕೆ ಇಪ್ಪತ್ಮೂರರಷ್ಟು ಹೆಚ್ಚಿಸುತ್ತವೆ. ಆದ್ದರಿಂದ ಸ್ವಲ್ಪ ಬೇಗ ಆರುವುದು ನಿಜ. ಆದರೆ ಉಕ್ಕು ಕಡಿಮೆಯಾದ್ದರಿಂದ ಕಾಯುವುದೂ ಸ್ವಲ್ಪ ಬೇಗ. ಮೋಟರು ಗಂಟೆಗಟ್ಟಲೆ ಓಡುತ್ತದೆ, ಅದಕ್ಕೆ ರೆಕ್ಕೆ ಬೇಕು. ರಾತ್ರಿಗೊಂದು ಈಡು ಹೊಡೆಯುವ ಕೋವಿಗೆ ಆರಿಸಿಕೊಳ್ಳಲು ಕಾವೇ ಇರುವುದಿಲ್ಲ.

ಇನ್ನೊಂದು ಮಾತು. ತಯಾರಾದ ನಳಿಗೆಗೆ ಆಮೇಲೆ ಗೀರು ಕೊರೆಯುವಾಗ ಉಕ್ಕಿನೊಳಗಿನ ಬಿಗಿತ ಏರುಪೇರಾಗಿ ಒಳಗಿನ ತೂತಿನ ಅಳತೆಯೇ ಕೆಡುವುದುಂಟು. ಒಳ್ಳೆಯ ಕಾರ್ಖಾನೆಯವರು ಇದಕ್ಕೆ ತಕ್ಕ ಎಚ್ಚರ ವಹಿಸುತ್ತಾರೆ. ಊರಿನ ಲೇಥ್ ಅಂಗಡಿಯಲ್ಲಿ ಇದನ್ನು ಮಾಡಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ಇಂದೇ ಬಿಡಬೇಕು. ಕೋವಿಯ ದುರಸ್ತಿಗೂ ಪರೀಕ್ಷೆಗೂ ಲೈಸೆನ್ಸ್ ಇರುವವರೇ ಆಗಬೇಕೆಂದು ಕಾನೂನು ಹೇಳುತ್ತದೆ. ತೋಟೆ ಕೂರುವ ಬುಡದಲ್ಲಿ ಒಂದು ಗೀರು ಆಳವಾದರೆ ಮುಂದಿನ ಕಥೆ ಹೇಳಲು ಕೆಲವೊಮ್ಮೆ ಆಸಾಮಿಯೇ ಉಳಿಯುವುದಿಲ್ಲ.

5. ಹಾಗಾದರೆ ಯಾರಿಗೆ ಯಾವುದು?

ಮೂರು ಪ್ರಶ್ನೆ ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ: ಒಮ್ಮೆಗೆ ಎಷ್ಟು ಈಡು ಹೊಡೆಯುತ್ತೇನೆ? ಎಷ್ಟು ದೂರಕ್ಕೆ ಹೊಡೆಯುತ್ತೇನೆ? ಎಷ್ಟು ದೂರ ಹೊತ್ತು ನಡೆಯುತ್ತೇನೆ?

ರೈಫಲ್ ಕ್ಲಬ್ಬಿನಲ್ಲಿ ಹಲಗೆಗೆ ಗುರಿಯಿಟ್ಟು ಮಲಗಿ ಹತ್ತಿಪ್ಪತ್ತು ಈಡು ಹೊಡೆಯುವವರಿಗೆ ದಪ್ಪ ನಳಿಗೆ ಯೋಗ್ಯ. ಶಿಕಾರಿಗೆ ಕಾನೂನು ಅವಕಾಶ ಕೊಡುವ ಹೊರದೇಶಗಳಲ್ಲಿ, ದಿನವಿಡೀ ಗುಡ್ಡ ಹತ್ತಿ ಕೊನೆಗೆ ಮುನ್ನೂರು ಗಜದ ಈಡು ಹೊಡೆಯಬೇಕಾದವರಿಗೆ ಗೀರು ನಳಿಗೆ ಒಂದು ರಾಜಿಸೂತ್ರ. ಅದಕ್ಕೆ ಹೆಚ್ಚು ಹಣ ಕೊಡಲು ಅವರಿಗೆ ಕಾರಣವಿದೆ. ಮೊದಲೇ ಇರುವ ಸಾಮಾನ್ಯ ನಳಿಗೆಯ ರೈಫಲ್ಲನ್ನು ಇಟ್ಟುಕೊಂಡವರಿಗೆ ಅದೇ ಸಾಕು. ಮೊದಲ ಎರಡು ಈಡು ಸರಿಯಾಗಿ ಬೀಳುವುದಾದರೆ ಅದರ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಕಾಗಿಲ್ಲ.

ತೋಟಗಾರನ ಸ್ಥಿತಿ ಬೇರೆ. ಅಡಿಕೆ ಮರಗಳ ನಡುವೆ, ಕಾಫಿ ಗಿಡಗಳ ಮೇಲೆ ನಲವತ್ತು ಐವತ್ತು ಗಜ ನೋಟ ಸಿಕ್ಕರೆ ಹೆಚ್ಚು. ರಾತ್ರಿಯಾದರೆ ಅದೂ ಇಲ್ಲ. ಸಣ್ಣ .22 ತೋಟೆಯ ಪೆಟ್ಟಿಗೆಯ ಮೇಲೇ ಒಂದು ಮೈಲಿಯವರೆಗೆ ಅಪಾಯವೆಂದು ಅಚ್ಚು ಹಾಕಿರುವುದನ್ನು ನೋಡಬಹುದು. ದೊಡ್ಡ ರೈಫಲ್ಲಿನ ಗುಂಡು ಅದಕ್ಕೂ ಮುಂದೆ ಹೋಗುತ್ತದೆ. ನಮ್ಮ ತೋಟದಾಚೆ ಒಂದು ಮೈಲಿಯೊಳಗೆ ಎಷ್ಟು ಮನೆ, ಎಷ್ಟು ಹಾದಿ, ಎಷ್ಟು ಜನ ನೀರು ಹಾಯಿಸುವವರು ಇದ್ದಾರೆಂದು ಎಣಿಸಿ ನೋಡಿ. ತೋಟದ ಕೆಲಸಕ್ಕೆ ರೈಫಲ್ಲೇ ತಕ್ಕುದಲ್ಲ ಎಂದ ಮೇಲೆ ಅದರ ನಳಿಗೆ ದಪ್ಪವೋ ಗೀರೋ ಎಂಬುದು ಎರಡನೆಯ ಮಾತು.

6. ಕಾನೂನು ಏನು ಹೇಳುತ್ತದೆ

1959ರ ಆಯುಧ ಕಾನೂನು ಇದೇ ದಾರಿಯಲ್ಲಿ ಯೋಚಿಸಿದೆ. ಬೆಳೆ ರಕ್ಷಣೆಗೆಂದು ಅದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಯನ್ನು. ರೈಫಲ್ಲನ್ನಲ್ಲ. ಹೊರಲು ಸುಲಭವಾಗಲೆಂದು ನಳಿಗೆಯನ್ನು ಕೊಯ್ದು ಗಿಡ್ಡ ಮಾಡುವುದನ್ನೂ ಇದೇ ಕಾನೂನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಬಳಿ ಎರಡು ಕೋವಿಗಿಂತ ಹೆಚ್ಚು ಇರುವಂತಿಲ್ಲ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷವಾಗಿದೆ. ಹಬ್ಬ ಮದುವೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಜೈಲು ಇಲ್ಲವೆ ದಂಡ ಉಂಟು.

ಕೊಡಗಿನ ಉದಾಹರಣೆ ಕೊಡುವವರು ಇದ್ದಾರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಕಾಡುಪ್ರಾಣಿ ಹೊಡೆಯುವುದಕ್ಕಲ್ಲ. ಇತರ ಕಡೆಯವರಿಗೆ ಅದು ಅನ್ವಯಿಸುವುದೂ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ನಮ್ಮ ಹಿರಿಯರು ಕಂಡ ಶಿಕಾರಿ ಮುಗಿಯಿತು. ಬೆಳೆ ತಿನ್ನುವ ಹಂದಿಯಾದರೂ ಸರಿ, ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿಯಿಲ್ಲದೆ ಕೊಲ್ಲುವುದು ಅಪರಾಧ. ಅನುಮತಿ ಪಡೆದು ಹೊಡೆದರೂ ಸತ್ತ ಪ್ರಾಣಿ ಸರಕಾರದ ಆಸ್ತಿ. ಕಾಟಿ, ಆನೆಗಳಂತೂ ಮೊದಲನೆಯ ಪಟ್ಟಿಯಲ್ಲಿವೆ. “ಲೈಸೆನ್ಸ್ ಇದೆಯಲ್ಲ” ಎಂದು ಹೇಳಿದ ಮಾತ್ರಕ್ಕೆ ಪಾರಾಗಲು ಬರುವುದಿಲ್ಲ. ಕೋವಿಯ ಲೈಸೆನ್ಸ್ ಬೇರೆ, ಹೊಡೆಯುವ ಅನುಮತಿ ಬೇರೆ. ಬೇಲಿ ಗಟ್ಟಿ ಮಾಡುವುದು, ಒಪ್ಪಿತವಾದ ಸೌರಬೇಲಿ ಹಾಕುವುದು, ನಷ್ಟವಾದಾಗ ಫೋಟೋ ಸಹಿತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದು ಇವು ಮೊದಲು ಹಿಡಿಯಬೇಕಾದ ದಾರಿ. ವಿದ್ಯುತ್ ಕಂಬದಿಂದ ನೇರ ಬೇಲಿಗೆ ತಂತಿ ಎಳೆಯುವುದು ಮಾತ್ರ ಎಂದಿಗೂ ಬೇಡ. ಅದು ಹಂದಿಗೂ ಮನುಷ್ಯನಿಗೂ ವ್ಯತ್ಯಾಸ ನೋಡುವುದಿಲ್ಲ.

7. ದಪ್ಪವನ್ನು ನಂಬಿ ಕೆಟ್ಟದ್ದು

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತೊಂದನ್ನು ಹೇಳದಿದ್ದರೆ ಪಾಠ ಅಪೂರ್ಣವಾಗುತ್ತದೆ. ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ನಮ್ಮಲ್ಲಿ 12 ಬೋರಿನ ಒಂಟಿ ನಳಿಗೆ ಕೋವಿ ಇತ್ತು. ಬೇರೆಯವರ ಕೋವಿಗಿಂತ ಅದರ ನಳಿಗೆ ದಪ್ಪ. “ಈ ನಳಿಗೆಗೆ ಏನೂ ಆಗುವುದಿಲ್ಲ” ಎಂದು ನಮ್ಮ ತಂದೆ ಹೇಳುತ್ತಿದ್ದರು, ನಾವೂ ಹೇಳುತ್ತಿದ್ದೆವು. 1998ರ ಮಹಾನವಮಿಯ ಹಿಂದಿನ ದಿನ ಅದನ್ನು ಒರೆಸುವ ಕೆಲಸ ನನ್ನದು. ಹಳೆಯ ಪಂಚೆಯ ತುಂಡಿಗೆ ಎಣ್ಣೆ ಹಚ್ಚಿ ದಾರ ಕಟ್ಟಿ ಎಳೆಯುವಾಗ ದಾರ ಹರಿಯಿತು. ಬಟ್ಟೆ ನಳಿಗೆಯೊಳಗೇ ಉಳಿಯಿತು. ಅಷ್ಟರಲ್ಲಿ ಯಾರೋ ಕೊಯ್ಲಿನ ವಿಷಯಕ್ಕೆ ಕರೆದರು. ಆಮೇಲೆ ಕೋಲು ಹಾಕಿ ತೆಗೆದರಾಯಿತೆಂದು ಗೋಡೆಗೆ ತೂಗುಹಾಕಿ ಹೋದೆ. ಮರೆತೆ.

ಮರುದಿನ ಪೂಜೆಯಾದ ಮೇಲೆ ಆಗಿನ ರೂಢಿಯಂತೆ ಒಂದು ಈಡು ಹಾರಿಸಲು ನನ್ನ ತಮ್ಮ ಕೋವಿ ತೆಗೆದುಕೊಂಡು ಅಂಗಳಕ್ಕೆ ಹೋದ. “ಅಣ್ಣಾ, ಒರೆಸಿದ್ದೀಯಲ್ಲ?” ಎಂದು ಕೇಳಿದ. “ಹೂಂ” ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನ್ನ ಮನಸ್ಸಿನಲ್ಲಿ ಒರೆಸಿಯಾಗಿತ್ತು.

ಈಡಿನ ಶಬ್ದವೇ ಬೇರೆಯಾಗಿತ್ತು. ಅವನ ಎಡಗೈ ಹಿಡಿದ ಜಾಗದಲ್ಲೇ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿರಿದಿತ್ತು. ಎರಡು ಬೆರಳು ಹೋದವು. ಈಗಲೂ ಅವನು ಅಡಿಕೆ ಸುಲಿಯುವುದಿಲ್ಲ, ಕತ್ತಿ ಹಿಡಿದರೆ ಬಲಗೈಯಲ್ಲೇ. ನನ್ನನ್ನು ಒಂದು ದಿನವೂ ಅಂದವನಲ್ಲ. ಅದೇ ನನಗೆ ಭಾರ.

ಮದ್ದಿನ ಗಾಳಿ ಮುಂದಕ್ಕೆ ಹೋಗಲು ದಾರಿಯಿದ್ದರೆ ತೆಳ್ಳಗಿನ ನಳಿಗೆಯೂ ತಾಳುತ್ತದೆ. ದಾರಿಯಲ್ಲಿ ಅಡ್ಡ ಸಿಕ್ಕರೆ ಅಲ್ಲಿ ಒತ್ತಡ ಒಮ್ಮೆಲೇ ಏರಿ ದಪ್ಪ ನಳಿಗೆಯೂ ಬಿರಿಯುತ್ತದೆ. ಅಡ್ಡಿ ದೊಡ್ಡದಾಗಬೇಕಿಲ್ಲ. ಒಂದು ತುಂಡು ಬಟ್ಟೆ, ಬಾಯಿ ನೆಲಕ್ಕೆ ತಾಗಿ ಹೊಕ್ಕ ಮಣ್ಣು, ಕುಂಬಾರ ಹುಳು ಕಟ್ಟಿದ ಗೂಡು, 12 ಬೋರಿನೊಳಗೆ ಜಾರಿದ ಸಣ್ಣ ಬೋರಿನ ತೋಟೆ, ಯಾವುದಾದರೂ ಸಾಕು. ಹೊರಗಿನ ದಪ್ಪವೂ ಗೀರೂ ಒಳಗಿನ ಅಡ್ಡಿಗೆ ಔಷಧವಲ್ಲ.

8. ನಳಿಗೆ ನೋಡುವ ಕ್ರಮ

ಹೊಸದು ಕೊಳ್ಳುವಾಗ, ಹಳೆಯದು ಹೆಸರಿಗೆ ಬಂದಾಗ, ಚುನಾವಣೆಯ ಠೇವಣಿಯಿಂದ ಮರಳಿ ತಂದಾಗ, ಮಳೆಗಾಲ ಕಳೆದಾಗ ಹೀಗೆ ನೋಡಬೇಕು:

(ಅ) ಮೊದಲು ಕೋವಿ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಬೇರೆಯವರ ಮಾತನ್ನು ನಂಬಬೇಡಿ, ಒಡಹುಟ್ಟಿದವರ ಮಾತನ್ನೂ.

(ಆ) ತೋಟೆ ಕೋವಿಯಾದರೆ ಮಡಚಿ, ಬುಡದ ಕಡೆಯಿಂದ ಬೆಳಕಿನತ್ತ ನೋಡಿ. ಬೆಳಕಿನ ಉಂಗುರಗಳು ಒಂದೇ ಸಮ ದುಂಡಗೆ ಕಾಣಬೇಕು. ಒಂದು ಕಡೆ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಸೊಟ್ಟಗೆ ಕಂಡರೆ ನಗ್ಗಿದೆ. ಅಂತಹುದನ್ನು ಹಾರಿಸಬಾರದು.

(ಇ) ಕೇಪಿನ ಕೋವಿಯಲ್ಲಿ ಬೆಳಕು ಹಾಯದು. ಕೇಪು ತೆಗೆದಿಟ್ಟು, ಗಜದ ಕೋಲನ್ನು ತಳದವರೆಗೆ ಇಳಿಸಿ ಬಾಯಿಯ ಹತ್ತಿರ ಗುರುತು ಹಾಕಿ. ಅದನ್ನು ನಳಿಗೆಯ ಹೊರಗೆ ಹಿಡಿದು ನೋಡಿದರೆ ಒಳಗೆ ಹಳೆಯ ಮದ್ದೋ ಕಸವೋ ಉಳಿದಿದೆಯೇ ಎಂಬುದು ತಿಳಿಯುತ್ತದೆ. ಕೈ ಮುಖಗಳನ್ನು ಬಾಯಿಯ ನೇರಕ್ಕೆ ಒಡ್ಡಬೇಡಿ.

(ಈ) ಹೊರಮೈಯನ್ನು ಬೆರಳ ತುದಿಯಿಂದ ಉದ್ದಕ್ಕೂ ಸವರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

(ಉ) ಮೈಮೇಲೆ ಮರದ ಗೆಣ್ಣಿನಂತೆ ಸುಳಿಸುಳಿ ಚಿತ್ರವಿರುವ ಹಳೆಯ ನಳಿಗೆಗಳುಂಟು. ಅವು ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳು, ಕರಿ ಮದ್ದಿನ ಕಾಲದವು. ನೋಡಲು ಚೆಂದ, ನೋಡಲಷ್ಟೇ ಇಡಿ. ಹೊಗೆಯಿಲ್ಲದ ಮದ್ದಿನ ಈಗಿನ ತೋಟೆ ಹಾಕಬೇಡಿ.

(ಊ) ಹಳೆಯ ವಿಲಾಯತಿ ಕೋವಿಗಳಲ್ಲಿ ತೋಟೆಯ ಮನೆ ಎರಡೂವರೆ ಇಂಚಿನದಿರುವುದುಂಟು. ಈಗಿನ ಎರಡೂ ಮುಕ್ಕಾಲು ಇಂಚಿನ ತೋಟೆ ಅದರಲ್ಲಿ ಕೂತ ಹಾಗೆ ಕಂಡರೂ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಬುಡದ ಗುರುತುಗಳನ್ನು ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯಿಂದ ಓದಿಸಿಕೊಳ್ಳಿ.

(ಋ) ಬಟ್ಟೆ ಎಳೆದ ಮೇಲೆ ಬಟ್ಟೆ ಹೊರಬಂತೇ ಎಂದು ನೋಡಿ. ಕೆಲಸದ ನಡುವೆ ಯಾರು ಕರೆದರೂ ಮುಗಿಸಿಯೇ ಏಳಿ.

9. ಪಾಠದ ಸಾರ

ದಪ್ಪ ನಳಿಗೆ ಮಲಗಿ ಬಹಳ ಈಡು ಹೊಡೆಯುವವರಿಗೆ. ಗೀರು ನಳಿಗೆ ದಪ್ಪದ್ದರ ಭಾರವನ್ನು ಒಂದಿಷ್ಟು ಇಳಿಸುತ್ತದೆ. ಹೊಸ ಬಲವನ್ನೇನೂ ಕೊಡುವುದಿಲ್ಲ. ತೋಟ ಕಾಯುವವರಿಗೆ ಎರಡೂ ಬೇಡ. ಇದ್ದ ಕೋವಿಯ ಒಳಮೈ ಶುದ್ಧವಾಗಿದ್ದು, ತಕ್ಕ ತೋಟೆ ಇದ್ದು, ಕಾಗದ ಸರಿಯಿದ್ದರೆ ಅಷ್ಟು ಸಾಕು.

ಪ್ರಶ್ನೆ ಕೇಳಿದ ನಮ್ಮ ಸದಸ್ಯರಿಗೆ ಹೇಳುವುದಿಷ್ಟು. ಕಾಕಾರ ರೈಫಲ್ಲಿನ ಕಾಗದಪತ್ರವನ್ನು ತಡಮಾಡದೆ ಸರಿಪಡಿಸಿಕೊಳ್ಳಿ. ಅಲ್ಲಿಯವರೆಗೆ ಅದು ಕಾನೂನುಬದ್ಧ ಠೇವಣಿಯಲ್ಲಿರಲಿ. ನಳಿಗೆ ಬದಲಿಸುವ ಹಣದಲ್ಲಿ ಪಡುವಣ ಬದಿಯ ಬೇಲಿಯನ್ನು ಗಟ್ಟಿ ಮಾಡಿ. ಮುಂದಿನ ಸಲ ಸಂಘಕ್ಕೆ ಬಂದಾಗ ನಿಮ್ಮ ಅಳಿಯನನ್ನೂ ಕರೆತನ್ನಿ. ಲೆಕ್ಕದ ಹಾಳೆ ನನ್ನ ಮೇಜಿನ ಮೇಲೇ ಇದೆ, ಕೂಡಿ ನೋಡೋಣ.

ಬರುವ ಆಯುಧ ಪೂಜೆಗೆ ಕೋವಿಗೆ ಹೂವು ಏರಿಸುವ ಮೊದಲು ಎಲ್ಲ ಸದಸ್ಯರೂ ಒಮ್ಮೆ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ